ಹಗ್ಗ ಎಳೆದರೂ ಹೊಡೆಯದ ಹಳೆಯ ದೋಣಿ ಮೋಟಾರು: ಕಿಡಿಯ ದೋಷ ಹುಡುಕುವ ಬಗೆ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯಲ್ಲಿ ನೀರು ನಿಂತ ಮೇಲೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳಿಗೆ ದೋಣಿಯೇ ದಾರಿಯಾಯಿತು. 2025ರಲ್ಲಿ ಸಿಗಂದೂರು ಸೇತುವೆ ತೆರೆದದ್ದು ದೊಡ್ಡ ಉಪಕಾರವೇ. ಆದರೆ ಮನೆ ಒಂದು ದಡ, ತೋಟ ಇನ್ನೊಂದು ದಡ ಎನ್ನುವವರಿಗೆ ಸೇತುವೆ ಸುತ್ತಿ ಬರುವುದಕ್ಕಿಂತ ಇಂದಿಗೂ ದೋಣಿಯೇ ಹತ್ತಿರ. ಅಂಥವರ ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕು ಕೈ ದಾಟಿ ಬಂದ, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರೊಂದು ಇರಬಹುದು: ಜಾನ್ಸನ್, ಎವಿನ್‌ರೂಡ್, ಇಲ್ಲವೇ ಹಳೆಯ ಯಮಾಹಾ.

ಈ ಮೋಟಾರುಗಳು ಓಡಿ ಸವೆಯುವುದಕ್ಕಿಂತ ಕೂತು ಕೆಡುವುದೇ ಹೆಚ್ಚು. ಆರಿದ್ರೆಯಿಂದ ಆಶ್ಲೇಷದ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಎಂಜಿನ್ನಿನ ತಲೆಯ ಮೇಲೆ ತಿರುಗುವ ಚಕ್ರ, ಅಂದರೆ ಫ್ಲೈವೀಲಿನ ಅಡಿ ಅವಿತು, ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿನ ತುದಿ ಒಣಗಿರುತ್ತದೆಯೇ? ಹಾಗಾಗಿ ಮೊದಲ ಅನುಮಾನ ತೇವ, ಕಿಲುಬು, ಕೊಳೆಯ ಮೇಲಿರಲಿ. ಬಿಡಿಭಾಗ ಸತ್ತಿದೆ ಎಂಬ ಅನುಮಾನ ಕೊನೆಗೆ ಬರಲಿ. ಇನ್ನೊಂದು ಮಾತು: ಕಿಡಿ ದುರ್ಬಲವಾದ ಮೋಟಾರು ಥೇಟ್ ಪೆಟ್ರೋಲ್ ಸಾಲದ ಮೋಟಾರಿನಂತೆಯೇ ಕೆಮ್ಮುತ್ತದೆ. ಅದನ್ನು ನಂಬಿ ಕಾರ್ಬುರೇಟರ್ ಬಿಚ್ಚಿ ಕೂರುವವರೇ ಬಹಳ. ಕಿಡಿಯನ್ನು ಕಣ್ಣಾರೆ ನೋಡುವವರೆಗೆ ಕಾರ್ಬುರೇಟರಿನ ಸ್ಕ್ರೂ ಮುಟ್ಟಬೇಡಿ.

ಹಳೆಯ ಮೋಟಾರಿನ ಕಿಡಿಯ ವ್ಯವಸ್ಥೆ (ಮ್ಯಾಗ್ನೆಟೋ) ಸರಳವಾದದ್ದು, ಬ್ಯಾಟರಿ ಬೇಡ. ಫ್ಲೈವೀಲಿನ ಒಳಬದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದು ಕಾಯಿಲ್ (ತಂತಿ ಸುತ್ತಿದ ಸುರುಳಿ) ಎದುರು ಹಾದುಹೋಗುವಾಗ ಕಾಯಿಲಿನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಹುಟ್ಟುತ್ತದೆ. ಪಾಯಿಂಟ್ ತೆರೆದುಕೊಂಡ ಕ್ಷಣ ಆ ಕರೆಂಟ್ ತುಂಡಾಗಿ, ಸಣ್ಣ ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು, ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಪಾಯಿಂಟಿನ ನಡುವೆಯೇ ಕಿಡಿ ಹಾರಿ ಅದು ಸುಡದಂತೆ ನೋಡಿಕೊಳ್ಳುವುದು ಕಂಡೆನ್ಸರ್.

ಕೈ ಹಾಕುವ ಮೊದಲು

ಮೋಟಾರನ್ನು ದೋಣಿಯಿಂದ ಇಳಿಸಿ ದಡಕ್ಕೆ ತನ್ನಿ. ದೋಣಿಯ ತಳದಲ್ಲಿ ಪೆಟ್ರೋಲಿನ ಆವಿ ನಿಂತಿರುತ್ತದೆ, ಅಲ್ಲಿ ಕಿಡಿ ಪರೀಕ್ಷೆ ಮಾಡುವುದೆಂದರೆ ಬೆಂಕಿಯನ್ನು ಕೈಬೀಸಿ ಕರೆದಂತೆ. ಪೆಟ್ರೋಲ್ ಕ್ಯಾನನ್ನು ಹತ್ತು ಹೆಜ್ಜೆ ಆಚೆ ಇಡಿ. ಎಂಜಿನ್ ಓಡಿಸಿ ನೋಡುವುದಿದ್ದರೆ ಪ್ರೊಪೆಲ್ಲರ್ ಬಿಚ್ಚಿ, 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ, ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ಮುಳುಗುವಷ್ಟು ಇಳಿಸಿ. ನೀರಿಲ್ಲದೆ ಒಂದೆರಡು ನಿಮಿಷ ಓಡಿದರೂ ನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗಬಹುದು. ಮಳೆ ಎಂದು ಬಾಗಿಲು ಮುಚ್ಚಿದ ಕೊಟ್ಟಿಗೆಯೊಳಗೆ ಓಡಿಸಬೇಡಿ; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ದಯೆಯೂ ಇಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿ.

ಬೇಕಾದ ಸಾಮಾನು ಸ್ವಲ್ಪವೇ: ಪ್ಲಗ್ ಸ್ಪ್ಯಾನರ್, ಸಣ್ಣ ಅಂತರ ಅಳೆಯುವ ತೆಳು ಹಾಳೆಗಳ ಫೀಲರ್ ಗೇಜ್, ಸಾಧಾರಣ ಮಲ್ಟಿಮೀಟರ್, ಮೋಟಾರಿಗೆ ಹೊಂದುವ ಒಂದು ಜೋಡಿ ಹೊಸ ಪ್ಲಗ್. ಫ್ಲೈವೀಲ್ ಎಳೆಯುವ ಪುಲ್ಲರ್ ಸದ್ಯಕ್ಕೆ ಬೇಡ.

ಎಷ್ಟು ಎಳೆದರೂ ಒಂದು ಕೆಮ್ಮೂ ಇಲ್ಲ

ಮೊದಲು ನಿಲ್ಲಿಸುವ ಗುಂಡಿ. ಅದು ಮಾಡುವ ಕೆಲಸ ಇಷ್ಟೇ: ಪಾಯಿಂಟಿನ ಕರೆಂಟನ್ನು ಎಂಜಿನ್ನಿನ ಲೋಹಕ್ಕೆ ಇಳಿಸಿ ಕಿಡಿ ಕೊಲ್ಲುವುದು. ಗುಂಡಿಯ ಒಳಗೆ ನೀರು ಹೋಗಿ ಕಿಲುಬು ಕಟ್ಟಿದ್ದರೆ, ಇಲಿ ಕಡಿದ ವೈರ್ ಎಲ್ಲೋ ಲೋಹಕ್ಕೆ ತಾಗಿದ್ದರೆ, ಯಾರೂ ಒತ್ತದೆಯೇ ಗುಂಡಿ ಒತ್ತಿದಂತಾಗುತ್ತದೆ. ಗುಂಡಿಯ ವೈರನ್ನು ತಾತ್ಕಾಲಿಕವಾಗಿ ಕಳಚಿ ಹಗ್ಗ ಎಳೆದು ನೋಡಿ. ಎಂಜಿನ್ ಹೊಡೆದರೆ ದೋಷ ಸಿಕ್ಕಿತು, ಖರ್ಚು ಸೊನ್ನೆ. ವೈರ್ ಕಳಚಿದ ಎಂಜಿನ್ ಗುಂಡಿಯಿಂದ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು ಎಂಬುದು ನೆನಪಿರಲಿ. ಕೆಲವು ಹಳೆಯ ಮಾದರಿಗಳಲ್ಲಿ ಗುಂಡಿಯೇ ಇರುವುದಿಲ್ಲ. ದಾರದ ತುದಿಯಲ್ಲಿ ಕ್ಲಿಪ್ ಇರುವ ಮಾದರಿಯಾದರೆ ಕ್ಲಿಪ್ ಜಾಗದಲ್ಲಿದೆಯೇ ನೋಡಿ. ನಗಬೇಡಿ, ಇದೊಂದಕ್ಕಾಗಿಯೇ ಮೋಟಾರನ್ನು ಪೇಟೆಗೆ ಹೊತ್ತವರಿದ್ದಾರೆ.

ಆಮೇಲೆ ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಇಂಧನ ತಲುಪಿದೆ, ಕಿಡಿಯ ಕಡೆ ಹುಡುಕಬೇಕು. ಹತ್ತಾರು ಬಾರಿ ಎಳೆದ ಮೇಲೂ ಒಣಗಿದ್ದರೆ ದೋಷ ಟ್ಯಾಂಕು, ಪೈಪು, ಕಾರ್ಬುರೇಟರಿನ ಕಡೆಯದು. ಈ ಬರಹ ಅದಕ್ಕಲ್ಲ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರಕ್ಕೆ ಕುಂಬಾರ ಹುಳ ಮಣ್ಣು ಮೆತ್ತಿದೆಯೇ ಎಂದಷ್ಟು ನೋಡಿಬಿಡಿ. ಪ್ಲಗ್ ಕರಿ ಎಣ್ಣೆಯಿಂದ ಜಿಗುಟಾಗಿದ್ದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕುವ ಜಿಪುಣತನ ಬೇಡ, ಹೊಸದು ಹಾಕಿ. ಹಳೆಯ ಜಾನ್ಸನ್ ಮತ್ತು ಎವಿನ್‌ರೂಡ್‌ಗಳ ಬಹಳಷ್ಟು ಮಾದರಿಗೆ ಪ್ಲಗ್ಗಿನ ತುದಿಯ ಅಂತರ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್. ಪ್ಲಗ್ ಕಪ್ಪಾಯಿತೆಂದು ಎಣ್ಣೆ ಕಡಿಮೆ ಮಾಡಬೇಡಿ. 1950ರ ದಶಕದ ಜಾನ್ಸನ್ನಿಗೆ 24 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೇಕು, ಇಂದಿನ ಸ್ಕೂಟರಿನ ಲೆಕ್ಕ ಹಾಕಿದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ.

ಈಗ ಕಿಡಿ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ನೋಡುವುದು ಊರಿನ ರೂಢಿ. ಆದರೆ ಬಯಲಿನ ಗಾಳಿಯಲ್ಲಿ ಸಣ್ಣ ಅಂತರ ದಾಟುವ ಕಿಡಿ, ಸಿಲಿಂಡರಿನ ಒಳಗಿನ ಒತ್ತಡದಲ್ಲಿ ಸಾಯಬಹುದು. ಇದಕ್ಕಿಂತ ನಂಬಬಹುದಾದ ಪರೀಕ್ಷೆಯನ್ನು ಒಂದು ತುಂಡು ಅಡಿಕೆ ದಬ್ಬೆಯಿಂದ ಮಾಡಬಹುದು. ದಬ್ಬೆ ಚೆನ್ನಾಗಿ ಒಣಗಿರಬೇಕು, ಒಲೆಯ ಮೇಲಿನ ಅಟ್ಟದಲ್ಲಿ ವಾರ ಇಟ್ಟದ್ದಾದರೆ ಉತ್ತಮ. ಅದಕ್ಕೆ ಎರಡು ಮೊಳೆ ಹೊಡೆದು, ಮೊನೆಗಳನ್ನು ಒಂದಕ್ಕೊಂದು ಬಾಗಿಸಿ, ನಡುವೆ ಸರಿಯಾಗಿ 6 ಮಿಲಿಮೀಟರ್ ಬಿಡಿ. ಒಂದು ಮೊಳೆಗೆ ಪ್ಲಗ್ ವೈರ್, ಇನ್ನೊಂದರಿಂದ ಎಂಜಿನ್ನಿನ ಬರಿ ಲೋಹಕ್ಕೆ ತಂತಿ. ದಬ್ಬೆಯನ್ನು ಪ್ಲಗ್ ರಂಧ್ರದಿಂದ ಸಾಧ್ಯವಾದಷ್ಟು ದೂರ ಇಟ್ಟು, ರಂಧ್ರಕ್ಕೆ ಹಳೆಯ ಪ್ಲಗ್ ತಿರುಗಿಸಿ ಮುಚ್ಚಿ. ಎರಡು ಸಿಲಿಂಡರ್ ಇದ್ದರೆ ಇನ್ನೊಂದರ ವೈರಿಗೂ ಪ್ಲಗ್ ಸಿಕ್ಕಿಸಿ ಲೋಹಕ್ಕೆ ತಾಗಿಸಿಡಿ. ನೆರಳಿನಲ್ಲಿ ನಿಂತು ಹಗ್ಗವನ್ನು ಚುರುಕಾಗಿ ಎಳೆಯಿರಿ. ಅಳುಕುತ್ತ ಮೆಲ್ಲಗೆ ಎಳೆದರೆ ಒಳ್ಳೆಯ ಮ್ಯಾಗ್ನೆಟೋ ಕೂಡ ಕಿಡಿ ಕೊಡುವುದಿಲ್ಲ.

ನೀಲಿ ಕಿಡಿ ಚಟ್ ಎಂದು ಸದ್ದು ಮಾಡಿ ದಾಟಿದರೆ ಮ್ಯಾಗ್ನೆಟೋ ಚೆನ್ನಾಗಿದೆ, ತಪ್ಪು ಪ್ಲಗ್ಗಿನದು ಅಥವಾ ಇಂಧನದ್ದು. ಹಳದಿಯಾಗಿ ತಡವರಿಸಿದರೆ ಮುಂದಿನ ಭಾಗ ಓದಿ. ಏನೂ ಬಾರದಿದ್ದರೆ ಪ್ಲಗ್ ವೈರಿನ ತುದಿಯ ರಬ್ಬರ್ ಟೊಪ್ಪಿ ಬಿಡಿಸಿ ನೋಡಿ. ಒಳಗಿನ ಸ್ಪ್ರಿಂಗ್ ಕ್ಲಿಪ್ ವೈರಿನ ತಾಮ್ರಕ್ಕೆ ಚುಚ್ಚಿಕೊಂಡಿರಬೇಕು. ಅಲ್ಲಿ ಹಸಿರು ಪುಡಿ ಇದ್ದರೆ ಕಾಲಿಂಚು ಕತ್ತರಿಸಿ ಹೊಸದಾಗಿ ಚುಚ್ಚಿ. ವೈರನ್ನೇ ಬದಲಿಸುವುದಾದರೆ ತಾಮ್ರದ ಎಳೆಯದನ್ನೇ ಕೇಳಿ ತನ್ನಿ. ಕಾರಿಗೆ ಬಳಸುವ ಕಾರ್ಬನ್ ಎಳೆಯ ವೈರ್ ಇದಕ್ಕೆ ಆಗಿಬರುವುದಿಲ್ಲ.

ಕಿಡಿ ಇದೆ, ಆದರೆ ಹಳದಿ. ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ

ಮಲೆನಾಡಿನ ಹಳೆಯ ಮೋಟಾರಿನ ಅಸಲು ಕಾಯಿಲೆ ಇದು. ನೂರಕ್ಕೆ ಬಹುಪಾಲು ಪಾಯಿಂಟಿನ ಮೇಲೆ ಕೂತ ತೆಳು ಪೊರೆಯೇ ಕಾರಣ. ಕಣ್ಣಿಗೆ ಪಾಯಿಂಟ್ ಸ್ವಚ್ಛವಾಗಿಯೇ ಕಾಣಬಹುದು, ಕರೆಂಟಿಗೆ ಮಾತ್ರ ಅದು ಗೋಡೆ.

ಕೆಲವು ಮಾದರಿಗಳಲ್ಲಿ ಫ್ಲೈವೀಲಿನ ಮೇಲೆಯೇ ಕಿಟಕಿ ಇದೆ, ಮುಚ್ಚಳದ ಸ್ಕ್ರೂ ತೆಗೆದರೆ ಪಾಯಿಂಟ್ ಕಾಣುತ್ತದೆ. ಹಾಗಿದ್ದರೆ ಫ್ಲೈವೀಲ್ ಬಿಚ್ಚುವ ತಾಪತ್ರಯವಿಲ್ಲ. ದಪ್ಪ ಬಿಳಿ ಕಾಗದವನ್ನು, ಹಳೆಯ ವಿಸಿಟಿಂಗ್ ಕಾರ್ಡ್ ಆದರೂ ಸರಿ, ಕಾರ್ಬುರೇಟರ್ ಕ್ಲೀನರಿನಲ್ಲಿ ಅದ್ದಿ, ಮುಚ್ಚಿದ ಪಾಯಿಂಟಿನ ನಡುವೆ ತೂರಿಸಿ ಎಳೆಯಿರಿ. ಮೊದಲ ಸಲ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವ ತನಕ ಜಾಗ ಬದಲಿಸುತ್ತ ಎಳೆಯುತ್ತಿರಿ. ಮೇಲ್ಮೈ ಒರಟಾಗಿ ಗುಳಿ ಬಿದ್ದಿದ್ದರೆ 400 ನಂಬರಿನ ಮರಳು ಕಾಗದ ಮೊದಲು, ಆಮೇಲೆ ಕಾರ್ಡ್. ಕಪ್ಪು ಎಮೆರಿ ಬಟ್ಟೆ ಬೇಡ, ಅದರ ಗಡುಸು ಪುಡಿ ಪಾಯಿಂಟಿಗೆ ಚುಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಉಜ್ಜಿದ ಮೇಲೆ ಬೆರಳು ತಾಗಿಸಬೇಡಿ. ಫೀಲರ್ ಗೇಜಿನ ಹಾಳೆಯಲ್ಲೂ ಎಣ್ಣೆ ಇರುತ್ತದೆ, ಅಂತರ ಅಳೆದ ಮೇಲೆ ಕಾರ್ಡನ್ನು ಇನ್ನೊಮ್ಮೆ ಎಳೆಯಿರಿ. ಅಷ್ಟು ಕಷ್ಟಪಟ್ಟು ಸ್ವಚ್ಛ ಮಾಡಿದ್ದು ಆ ಒಂದು ಹನಿಯಿಂದ ವ್ಯರ್ಥವಾಗುತ್ತದೆ.

ಕಿಟಕಿ ಇಲ್ಲದಿದ್ದರೆ ಫ್ಲೈವೀಲ್ ಇಳಿಸಬೇಕು. ಸ್ಟಾರ್ಟರ್ ಬಿಚ್ಚುವಾಗ ಅದರೊಳಗಿನ ಸುರುಳಿ ಸ್ಪ್ರಿಂಗ್ ಕೆದಕಬೇಡಿ, ಬಿಚ್ಚಿಕೊಂಡು ಹಾರಿದರೆ ಮುಖ ಕೊಯ್ಯುತ್ತದೆ. ಫ್ಲೈವೀಲನ್ನು ಬೆಲ್ಟ್ ಸ್ಪ್ಯಾನರಿನಲ್ಲಿ ಹಿಡಿದು ನಟ್ ಸಡಿಲಿಸಿ, ನಟ್ಟಿನ ತಲೆ ಶಾಫ್ಟಿನ ತುದಿಗೆ ಸಮ ಬರುವ ತನಕ ಮಾತ್ರ. ಪುಲ್ಲರಿನ ಬೋಲ್ಟುಗಳನ್ನು ಫ್ಲೈವೀಲಿನ ಮೂರು ರಂಧ್ರಕ್ಕೆ ತಿರುಗಿಸಿ, ನಡುವಿನ ಬೋಲ್ಟ್ ಬಿಗಿದು, ಅದರ ತಲೆಗೆ ಒಂದು ಸಣ್ಣ ಏಟು ಕೊಟ್ಟರೆ ಫ್ಲೈವೀಲ್ ಕಳಚಿಕೊಳ್ಳುತ್ತದೆ. ಅಂಚಿಗೆ ಪುಲ್ಲರ್ ಕೊಕ್ಕೆ ಹಾಕುವುದು, ಸ್ಕ್ರೂಡ್ರೈವರ್ ತೂರಿಸಿ ಮೀಟುವುದು, ಶಾಫ್ಟಿನ ಮೇಲೆ ಸುತ್ತಿಗೆ ಹೊಡೆಯುವುದು ಯಾವುದೂ ಕೂಡದು. ಪುಲ್ಲರ್ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಬೈಕ್ ಮೆಕ್ಯಾನಿಕ್ ಬಳಿ ಹೋಗಿ. ಬಾಗಿದ ಕ್ರ್ಯಾಂಕ್‌ಶಾಫ್ಟಿಗೆ ಬೇರೆ ಮೋಟಾರು ಕೊಳ್ಳುವುದೇ ಮದ್ದು. ಶಾಫ್ಟಿನ ಕಚ್ಚಿನಲ್ಲಿ ಕೂತ ಪುಟ್ಟ ಕೀಲಿಯನ್ನು ತೆಗೆದು ಬಿಳಿ ಕಾಗದದ ಮೇಲಿಡಿ, ಅದರ ಕಥೆ ಮುಂದೆ ಬರುತ್ತದೆ.

ಈಗ ಪಾಯಿಂಟಿನ ಅಂತರ. ಶಾಫ್ಟಿನ ಜೊತೆ ತಿರುಗುವ ಉಬ್ಬು, ಅಂದರೆ ಕ್ಯಾಮಿನ ಎತ್ತರದ ಭಾಗ ಪಾಯಿಂಟನ್ನು ಪೂರ್ತಿ ತೆರೆದಾಗ ಅಳೆಯಬೇಕು. ಹಳೆಯ ಜಾನ್ಸನ್ ಮತ್ತು ಎವಿನ್‌ರೂಡ್‌ಗಳ ಬಹಳಷ್ಟಕ್ಕೆ 0.020 ಇಂಚು, ಸುಮಾರು ಅರ್ಧ ಮಿಲಿಮೀಟರ್. ಜಪಾನಿನವುಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಆಯಾ ಮಾದರಿಯ ಕೈಪಿಡಿ ಹೇಳಿದಂತೆ ನಡೆಯಿರಿ. ಅಂತರ ಹೆಚ್ಚಾದರೆ ಕಿಡಿ ಬೇಗ ಬರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಎರಡು ಸಿಲಿಂಡರಿನದಾದರೆ ಎರಡೂ ಪಾಯಿಂಟ್ ಒಂದೇ ಅಂತರದಲ್ಲಿರಬೇಕು.

ಮಲ್ಟಿಮೀಟರಿನಿಂದ ಪಾಯಿಂಟ್ ಪರೀಕ್ಷಿಸುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಕಾಯಿಲಿನ ವೈರ್ ಪಾಯಿಂಟಿಗೆ ಸೇರಿಕೊಂಡೇ ಇದ್ದರೆ, ಪಾಯಿಂಟ್ ತೆರೆದಿದ್ದರೂ ಮೀಟರ್ ಕೂಗುತ್ತಲೇ ಇರುತ್ತದೆ, ಏಕೆಂದರೆ ಕಾಯಿಲಿನ ದಪ್ಪ ಸುತ್ತಿನ ರೋಧ ಒಂದು ಓಮ್ ಆಸುಪಾಸು ಮಾತ್ರ. ವೈರ್ ಕಳಚಿ ಅಳೆಯಿರಿ. ಮುಚ್ಚಿದಾಗ ಮೀಟರಿನ ಸ್ವಂತ ವೈರಿನ ರೋಧಕ್ಕಿಂತ ಹೆಚ್ಚೇನೂ ತೋರಿಸಬಾರದು. ಅರ್ಧ ಓಮ್ ಹೆಚ್ಚಿದ್ದರೂ ಇನ್ನೊಮ್ಮೆ ಉಜ್ಜಬೇಕು.

ಸ್ವಚ್ಛ ಮಾಡಿದ ಪಾಯಿಂಟ್ ಕೆಲವೇ ಗಂಟೆಯ ಓಟದಲ್ಲಿ ಮತ್ತೆ ಸುಟ್ಟು, ಒಂದು ಬದಿ ಗುಡ್ಡ ಇನ್ನೊಂದು ಬದಿ ಗುಳಿಯಾದರೆ ಕಂಡೆನ್ಸರ್ ಹೋಗಿದೆ. ಕೆಪಾಸಿಟನ್ಸ್ ಅಳೆಯುವ ಮೀಟರಿದ್ದರೆ ವೈರ್ ಬಿಡಿಸಿ, ಎರಡು ತುದಿ ಒಮ್ಮೆ ತಾಗಿಸಿ ಖಾಲಿ ಮಾಡಿ ಅಳೆಯಿರಿ. ಇಂಥ ಮ್ಯಾಗ್ನೆಟೋಗಳಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ಇರುವುದು ಸಾಮಾನ್ಯ. ಮೂಲದ್ದು ಸಿಗುವ ತನಕ ಪಾಯಿಂಟ್ ಕಾಲದ ಸ್ಕೂಟರಿನ ಕಂಡೆನ್ಸರ್ ಹಾಕಿ ಓಡಿಸಬಹುದು. ಅದರ ಲೋಹದ ಮೈ, ಪಾಯಿಂಟ್ ಮತ್ತು ಕಾಯಿಲ್ ಕೂರುವ ಪ್ಲೇಟಿಗೆ ಗಟ್ಟಿಯಾಗಿ ತಾಗಿರಬೇಕು, ಫ್ಲೈವೀಲಿಗೆ ತಾಗಬಾರದು.

ಎರಡರಲ್ಲಿ ಒಂದೇ ಸಿಲಿಂಡರ್ ಹೊಡೆಯುತ್ತಿದೆ

ದೋಣಿ ತೆವಳುತ್ತದೆ, ಮೋಟಾರು ವಿಪರೀತ ನಡುಗುತ್ತದೆ, ಹಿಂದೆ ನೀರಿನ ಮೇಲೆ ಎಣ್ಣೆಯ ಬಣ್ಣ ಹರಡುತ್ತದೆ. ಇದು ಹುಡುಕಲು ಸುಲಭದ ದೋಷ, ಏಕೆಂದರೆ ಹೋಲಿಸಲು ಒಳ್ಳೆಯ ಸಿಲಿಂಡರ್ ಪಕ್ಕದಲ್ಲೇ ಇದೆ. ಎಂಜಿನ್ ನಿಲ್ಲಿಸಿ ಪ್ಲಗ್ ಅದಲುಬದಲು ಮಾಡಿ. ದೋಷ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಬಿಸಾಡಿ. ಹೋಗದಿದ್ದರೆ ಆ ಬದಿಯ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಇದೇ ಕ್ರಮದಲ್ಲಿ. ಓಡುವ ಎಂಜಿನ್ನಿನ ಪ್ಲಗ್ ವೈರನ್ನು ಒದ್ದೆ ಕೈಯಲ್ಲಿ ಎಳೆದು ನೋಡುವ ಗಂಡಸುತನ ಬೇಡ. ಶಾಕಿಗಿಂತ, ಬೆಚ್ಚಿ ಹಿಂದೆ ಸರಿದು ನೀರಿಗೆ ಬೀಳುವ ಅಪಾಯವೇ ದೊಡ್ಡದು. ಕಿಡಿ ಎರಡರಲ್ಲೂ ಸಮನಾಗಿದ್ದೂ ಒಂದು ಸತ್ತಿದ್ದರೆ ಆ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ರಿಂಗ್ ಅಥವಾ ಗ್ಯಾಸ್ಕೆಟಿನ ಕೆಲಸ ಮನೆಯಂಗಳದ್ದಲ್ಲ.

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ನಿಲ್ಲುತ್ತದೆ

ಇದು ಹಿನ್ನೀರಿನ ನಡುವೆ ಕೈಕೊಡುವ ದೋಷ, ಆದ್ದರಿಂದ ಎಲ್ಲಕ್ಕಿಂತ ಅಪಾಯದ್ದು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಸ್ವಿಚ್ ಆರಿಸಿದಂತೆ ತಟ್ಟನೆ ನಿಂತು, ಅರ್ಧ ಗಂಟೆ ಕಾದರೆ ಮತ್ತೆ ಹೊಡೆದರೆ, ಅನುಮಾನ ಕಾಯಿಲ್ ಮೇಲೆ. ಒಳಗಿನ ತಂತಿಯ ಬಿರುಕು ಬಿಸಿಗೆ ಅಗಲವಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ನಿಂತ ಕೂಡಲೇ, ಬಿಸಿ ಇರುವಾಗಲೇ ದಡದಲ್ಲಿ ದಬ್ಬೆಯ ಪರೀಕ್ಷೆ ಮಾಡಬೇಕು. ಮರುದಿನ ಬೆಳಿಗ್ಗೆ ಮಾಡಿದರೆ ಕಾಯಿಲ್ ಸಾಧುವಿನಂತೆ ನಟಿಸುತ್ತದೆ. ತಟ್ಟನೆ ನಿಲ್ಲದೆ ತೇಕುತ್ತ ನಿಂತರೆ, ಟ್ಯಾಂಕಿನ ಗಾಳಿರಂಧ್ರ ಅಥವಾ ಇಂಧನದ ಪೈಪು ನೋಡಿ.

ಜಾನ್ಸನ್, ಎವಿನ್‌ರೂಡ್‌ಗಳ 1950ರ ದಶಕದ ಕಾಯಿಲ್‌ಗಳ ಹೊರಕವಚ ಬಿರುಕು ಬಿಡುವುದು ಪ್ರಸಿದ್ಧ ದೋಷ. ಕವಚದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಆ ಕಾಯಿಲ್ ನಮ್ಮ ಹವೆಗೆ ಬಾಳುವುದಿಲ್ಲ, ಮೀಟರ್ ಏನೇ ಹೇಳಲಿ. ಸಣ್ಣ ಸುತ್ತು ಕೆಲವು ಸಾವಿರ ಓಮ್ ತೋರಿಸಿ ಪಾಸಾದರೂ ವೋಲ್ಟ್ ಏರಿದಾಗ ಸೀಳಿನಲ್ಲೇ ಸೋರುತ್ತದೆ. ಅಂಟು ಬಳಿದು ಮುಚ್ಚುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಈ ಕಾಯಿಲ್‌ಗಳಿಗೆ ಬದಲಿ ಇಂದಿಗೂ ತಯಾರಾಗುತ್ತವೆ, ಹೊರದೇಶದಿಂದ ತರಿಸಬೇಕಾಗುತ್ತದೆ ಅಷ್ಟೇ. ಎರಡಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸದನ್ನು ಕೂರಿಸುವಾಗ ಕಾಯಿಲಿನ ಕಬ್ಬಿಣದ ಹಿಮ್ಮಡಿ ಪ್ಲೇಟಿನ ಎತ್ತರಿಸಿದ ಅಂಚಿಗೆ ಸಮ ಬರಬೇಕು. ಹೊರಗೆ ಚಾಚಿದರೆ ಅಯಸ್ಕಾಂತಕ್ಕೆ ಉಜ್ಜಿ ಹೊಳೆಯುವ ಗೆರೆ ಬೀಳುತ್ತದೆ, ಒಳಗೆ ಸರಿದರೆ ಕಿಡಿ ಸೊರಗುತ್ತದೆ.

ಹಗ್ಗ ಹಿಂದಕ್ಕೆ ಜಗ್ಗುತ್ತದೆ, ಕಾರ್ಬುರೇಟರಿನಿಂದ ಸಿಡಿಯುತ್ತದೆ

ಎಳೆಯುವುದನ್ನು ತಕ್ಷಣ ನಿಲ್ಲಿಸಿ. ಮಣಿಕಟ್ಟು ಮುರಿಯುವ ದೋಷ ಇದು, ಸಿಡಿತದಿಂದ ಬೆಂಕಿಯೂ ಹತ್ತಬಹುದು. ಕಿಡಿ ಬರುತ್ತಿದೆ, ಆದರೆ ತಪ್ಪು ಹೊತ್ತಿಗೆ. ಮೊದಲು ಪ್ಲಗ್ ವೈರ್ ಅದಲುಬದಲಾಗಿದೆಯೇ ನೋಡಿ. ಅದಲ್ಲದಿದ್ದರೆ ಆ ಕಾಗದದ ಮೇಲಿಟ್ಟ ಕೀಲಿಯ ಸರದಿ.

 ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಡೆಯಾದ ಕಾಡಿನ ಮೋಟುಗಳು ನೀರಿನ ಅಂಗುಲ ಕೆಳಗೆ ಕಾಯುತ್ತಿರುತ್ತವೆ. ಪ್ರೊಪೆಲ್ಲರ್ ಅದಕ್ಕೆ ಹೊಡೆದರೆ ಸಾಮಾನ್ಯವಾಗಿ ಪ್ರೊಪೆಲ್ಲರಿನ ಪಿನ್ ತುಂಡಾಗುತ್ತದೆ; ಎಂಜಿನ್ ಕಿರುಚುತ್ತದೆ, ದೋಣಿ ಚಲಿಸುವುದಿಲ್ಲ. ಪಿನ್ನಿನ ಬದಲು ಯಾರೋ ಗಟ್ಟಿ ಮೊಳೆ ಹಾಕಿದ್ದರೆ ಏಟು ಮೇಲಕ್ಕೇರಿ ಫ್ಲೈವೀಲ್ ಜಾರಿ ಕೀಲಿ ಅರ್ಧ ಕತ್ತರಿಸಬಹುದು. ಕೀಲಿಯ ಬದಿಯಲ್ಲಿ ಮೆಟ್ಟಿಲಿನಂಥ ಸಣ್ಣ ಜಾರು ಕಂಡರೂ ಬದಲಿಸಿ. ಅಷ್ಟೇ ಮೆತುವಿನ ಅದೇ ಅಳತೆಯ ಕೀಲಿಯೇ ಬೇಕು, ಉಕ್ಕಿನ ತುಂಡನ್ನು ಅರದಲ್ಲಿ ಉಜ್ಜಿ ಹಾಕಬಾರದು. ಫ್ಲೈವೀಲ್ ಕೂರುವ ಶಾಫ್ಟಿನ ಓರೆ ಭಾಗವನ್ನು ಒರೆಸಿ ಪೂರ್ತಿ ಒಣಗಿಸಿ, ಎಣ್ಣೆ ಸವರಬೇಡಿ. ಇಳಿಸುವ ಮೊದಲು ಅಯಸ್ಕಾಂತಕ್ಕೆ ಸ್ಕ್ರೂ, ವಾಷರ್ ಅಂಟಿಕೊಂಡಿಲ್ಲ ಎಂದು ಬೆರಳಾಡಿಸಿ ನೋಡಿ. ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಸಡಿಲ ಬಿಟ್ಟರೆ ಹೊಸ ಕೀಲಿಯೂ ಕತ್ತರಿಸುತ್ತದೆ.

ಬಿಸಿಲಲ್ಲಿ ಓಡುತ್ತದೆ, ಮಳೆ ಹನಿದರೆ ತಪ್ಪುತ್ತದೆ

ಕತ್ತಲಾದ ಮೇಲೆ, ಡ್ರಮ್ಮಿನಲ್ಲಿ ಓಡಿಸಿ, ಮೇಲಿನ ಮುಚ್ಚಳ ತೆಗೆದು, ಕೈಕಟ್ಟಿ ದೂರ ನಿಂತು ನೋಡಿ. ಪ್ಲಗ್ ವೈರಿನಿಂದ ಲೋಹಕ್ಕೆ ನೀಲಿ ಎಳೆಗಳು ಹರಿದಾಡಿದರೆ ಅಲ್ಲೇ ಸೋರಿಕೆ. ಟೇಪ್ ಸುತ್ತಿದರೆ ಆ ದಿನಕ್ಕೆ ಮನೆ ಸೇರಬಹುದು, ಆಮೇಲೆ ವೈರ್ ಮತ್ತು ಟೊಪ್ಪಿ ಬದಲಿಸಲೇಬೇಕು.

ಫ್ಲೈವೀಲಿನ ಅಡಿ ಪಾಯಿಂಟೇ ಇಲ್ಲ

ಹಾಗಾದರೆ ಅದು ಸಿಡಿಐ ಮೋಟಾರು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಡಬ್ಬಿ ಕೆಲಸ ಮಾಡುತ್ತದೆ. ನಿಲ್ಲಿಸುವ ವೈರ್, ಪ್ಲಗ್, ಟೊಪ್ಪಿ, ಕನೆಕ್ಟರುಗಳ ಕಿಲುಬು ಇಷ್ಟನ್ನು ನೀವೇ ನೋಡಬಹುದು. ಪ್ಲಗ್ ವೈರನ್ನು ಗಾಳಿಯಲ್ಲಿ ತೇಲಿಬಿಟ್ಟು ಹಗ್ಗ ಎಳೆಯಬೇಡಿ, ಹೊರದಾರಿ ಸಿಗದ ವೋಲ್ಟ್ ಡಬ್ಬಿಯನ್ನೇ ಸುಡಬಹುದು. ಒಳಗಿನ ಕಾಯಿಲ್‌ಗಳ ರೋಧ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಿಲ್ಲದೆ ಅಳೆದು ಪ್ರಯೋಜನವಿಲ್ಲ. ಇವೆಲ್ಲ ಸರಿಯಿದ್ದರೆ ಮಾತ್ರ ಡಬ್ಬಿಯ ಮೇಲೆ ಅನುಮಾನ. ಊಹೆಯ ಮೇಲೆ ಹೊಸ ಡಬ್ಬಿ ಕೊಳ್ಳುವ ಬದಲು ಕರಾವಳಿಯ ಮೀನುಗಾರಿಕೆ ಬಂದರುಗಳಲ್ಲಿ ಔಟ್‌ಬೋರ್ಡನ್ನೇ ದಿನವಿಡೀ ಬಿಚ್ಚುವ ಮೆಕ್ಯಾನಿಕರಿಗೆ ತೋರಿಸಿ. ಅವರ ಬಳಿ ಹಾಕಿ ನೋಡಲು ಚಾಲ್ತಿಯಲ್ಲಿರುವ ಡಬ್ಬಿ ಸಿಗುವ ಸಂಭವ ಹೆಚ್ಚು.

ರಿಪೇರಿಯಾದ ಮೋಟಾರನ್ನು ಮೊದಲ ಬಾರಿ ನೀರಿಗೆ ಒಯ್ಯುವಾಗ ದಡದ ಉದ್ದಕ್ಕೇ ಓಡಿಸಿ, ಒಬ್ಬರೇ ಹೋಗಬೇಡಿ. ಲೈಫ್ ಜಾಕೆಟ್ ಮೈಮೇಲಿರಲಿ, ದೋಣಿಯ ತಳದಲ್ಲಲ್ಲ. ಒಂದು ಜೊತೆ ಹುಟ್ಟು, ಒಂದು ಬಿದಿರು ಗಳ, ಎರಡು ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಪ್ರೊಪೆಲ್ಲರಿನ ಪಿನ್ ಜೊತೆಗಿರಲಿ. ಮಳೆಗಾಲಕ್ಕೆ ಎತ್ತಿಡುವಾಗ ಪ್ಲಾಸ್ಟಿಕ್ ಹೊದಿಸಿ ಬಿಗಿಯಬೇಡಿ, ಒಳಗೆ ಬೆವರು ಕಟ್ಟುತ್ತದೆ. ಹತ್ತಿ ಬಟ್ಟೆ ಮುಚ್ಚಿ, ಬಚ್ಚಲೊಲೆಯ ಬಿಸಿ ತಾಗುವ ಗೋಡೆಯ ಆಚೆ ಬದಿಗೆ, ಪೆಟ್ರೋಲ್ ಪೂರ್ತಿ ಬಸಿದು ನೆಟ್ಟಗೆ ನಿಲ್ಲಿಸಿ.